ಕಾರಣಿಕದ ಬಿಲ್ಲಿನಿಂದ ಟ್ಯಾರೋ ಎಲೆಯವರೆಗೆ

ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಸೇರುವ ಜನಸಾಗರ ಒಂದೇ ಒಂದು ಸಾಲು ಕೇಳಲು ಕಾದಿರುತ್ತದೆ. ಡೆಂಕನಮರಡಿಯಲ್ಲಿ ನಿಲ್ಲಿಸಿದ ಎತ್ತರದ ಬಿಲ್ಲನ್ನು ಗೊರವಯ್ಯ ಏರುತ್ತಾರೆ, ಆಕಾಶದತ್ತ ಮುಖ ಎತ್ತಿ ‘ಸದ್ದಲೇ’ ಎಂದು ಕೂಗುತ್ತಾರೆ. ಅಷ್ಟು ದೊಡ್ಡ ಗದ್ದಲ ಆ ಗಳಿಗೆಯಲ್ಲಿ ತಣ್ಣಗಾಗುತ್ತದೆ. ಆಮೇಲೆ ಕೇಳುವುದು ಕೆಲವೇ ಪದ, ಕೊನೆಗೊಂದು ‘ಪರಾಕ್’. ಅಲ್ಲಿಗೆ ಕಾರಣಿಕ, ಅಂದರೆ ಆ ವರ್ಷದ ದೈವವಾಣಿ, ಮುಗಿಯಿತು. ಗೊರವಯ್ಯ ಬಿಲ್ಲಿನ ಮೇಲಿಂದ ಕೆಳಕ್ಕೆ ಬೀಳುತ್ತಾರೆ, ನೆರೆದವರು ಹಿಡಿದುಕೊಳ್ಳುತ್ತಾರೆ.

ಜನರ ಕೆಲಸ ಶುರುವಾಗುವುದೇ ಆಗ. ಬಂಡಿ ಕಟ್ಟಿಕೊಂಡು ಬಂದ ರೈತನಿಗೆ ಆ ಸಾಲಿನಲ್ಲಿ ಮಳೆ ಕಾಣುತ್ತದೆ. ವ್ಯಾಪಾರಿಗೆ ಧಾರಣೆ, ರಾಜಕಾರಣಿಗೆ ಕುರ್ಚಿ. ಮರುದಿನ ಪತ್ರಿಕೆಗಳಲ್ಲಿ ಆ ಸಾಲು ಅಚ್ಚಾದ ಮೇಲಂತೂ ಒಂದೊಂದು ಊರಿನ ಕಟ್ಟೆಯಲ್ಲೂ ಒಂದೊಂದು ಅರ್ಥ. ಒಂದೇ ಸಾಲನ್ನು ಕೇಳಿದ ಸಾವಿರ ಜನ ಸಾವಿರ ಬಗೆಯ ಚಿಂತೆಯನ್ನು ಹೊರಗೆ ಹಾಕುತ್ತಾರೆ. ಯಾರಿಗೆ ಏನು ಕೇಳಿಸಿತು ಎಂಬುದನ್ನು ಗಮನಿಸಿದರೆ ಅವರವರ ಮನಸ್ಸಿನಲ್ಲಿ ಏನು ಕೊರೆಯುತ್ತಿದೆ ಎಂಬುದು ತಿಳಿದುಬಿಡುತ್ತದೆ.

ಟ್ಯಾರೋ ಮತ್ತು ಆರಕಲ್ ಎಲೆಗಳನ್ನು ಆತ್ಮಾವಲೋಕನಕ್ಕೆ ಬಳಸುವುದು ಇದಕ್ಕೆ ತೀರ ಹತ್ತಿರದ ಕೆಲಸ. ಎಲೆಯ ಮೇಲಿರುವ ಚಿತ್ರ ಕಾರಣಿಕದ ಸಾಲಿನಷ್ಟೇ ಚಿಕ್ಕದು, ಅರ್ಥಕ್ಕೆ ಅಷ್ಟೇ ಜಾಗ ಬಿಟ್ಟದ್ದು. ಮುಂದಿನ ತಿಂಗಳು ಕೆಲಸ ಸಿಗುತ್ತದೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಆದರೆ ಕೆಲಸದ ಬಗ್ಗೆ ಒಳಗೊಳಗೇ ಏನು ಹೆದರಿಕೆ ಇದೆ, ಯಾವ ಮಾತನ್ನು ಇನ್ನೂ ಯಾರಿಗೂ ಹೇಳಿಲ್ಲ ಎಂಬುದು ಆ ಚಿತ್ರದ ನೆಪದಲ್ಲಿ ನಾಲಿಗೆಗೆ ಬರಬಹುದು. ಅಷ್ಟರಮಟ್ಟಿಗೆ ಅದು ಉಪಯೋಗದ ವಸ್ತು. ಅದನ್ನು ಹೇಗೆ ಬಳಸಬೇಕು, ಎಲ್ಲಿ ಬಳಸಬಾರದು, ದುಡ್ಡು ಕೊಟ್ಟು ಎಲೆಕಟ್ಟು ಕೊಳ್ಳದೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಚಿತ್ರಗಳಿಂದಲೇ ಒಂದನ್ನು ಮಾಡಿಕೊಳ್ಳುವುದು ಹೇಗೆ ಎಂಬ ವಿವರ ಇಲ್ಲಿದೆ.

ಮೊದಲು ಆಟ, ಆಮೇಲೆ ಶಾಸ್ತ್ರ

ಎಲೆಕಟ್ಟು ಕಂಡರೆ ಹುಬ್ಬು ಗಂಟಿಕ್ಕುವ ಹಿರಿಯರು ಬಳ್ಳಾರಿ ಸೀಮೆಯ ಮನೆಗಳಲ್ಲಿ ಈಗಲೂ ಇದ್ದಾರೆ. ಹಬ್ಬದ ರಾತ್ರಿಯ ಅಂದರ್ ಬಾಹರ್‌ನಲ್ಲಿ ಮನೆ ಕಳೆದುಕೊಂಡವರ ಕಥೆ ಕೇಳಿ ಬೆಳೆದವರಿಗೆ ಆ ಅನುಮಾನ ಸಹಜ. ಅವರಿಗೆ ಒಂದು ಸಂಗತಿ ಅಚ್ಚರಿ ತರಬಹುದು: ಟ್ಯಾರೋ ಕೂಡ ಹುಟ್ಟಿದ್ದು ಆಟವಾಗಿಯೇ.

15ನೇ ಶತಮಾನದ ಮೊದಲರ್ಧದಲ್ಲಿ ಉತ್ತರ ಇಟಲಿಯ ಸಿರಿವಂತರು ಈ ಎಲೆಗಳಲ್ಲಿ ಆಡುತ್ತಿದ್ದರು. ಮಿಲಾನಿನ ವಿಸ್ಕೊಂತಿ ಮತ್ತು ಸ್ಫೋರ್ಜಾ ಮನೆತನಗಳಿಗಾಗಿ ಚಿನ್ನದ ಹಾಳೆ ಬಳಸಿ ಕೈಯಲ್ಲೇ ಬರೆದ ಎಲೆಗಳು ಇಂದಿಗೂ ಉಳಿದಿವೆ. ಆ ಹೊತ್ತಿಗೆ ಹಂಪಿಯಲ್ಲಿ ಪ್ರೌಢದೇವರಾಯನ ಆಳ್ವಿಕೆ. ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರವನ್ನು ಕಂಡು ಬೆರಗಾದದ್ದು 1443ರಲ್ಲಿ. ಟ್ಯಾರೋ ಕಟ್ಟಿನಲ್ಲಿ ಒಟ್ಟು 78 ಎಲೆ. ಅದರಲ್ಲಿ 22 ಚಿತ್ರದೆಲೆಗಳು: ರಥ, ನ್ಯಾಯ, ಸೂರ್ಯ, ಚಂದ್ರ, ಗೋಪುರ, ಮರಣ ಇತ್ಯಾದಿ. ಇವತ್ತು ಗಂಭೀರ ಮುಖ ಮಾಡಿ ‘ಮೇಜರ್ ಆರ್ಕಾನ’ ಎನ್ನುವ ಈ ಎಲೆಗಳು ಆಟದಲ್ಲಿ ತುರುಫಿನ ಎಲೆಗಳಾಗಿದ್ದವು, ಅಷ್ಟೇ. ಉಳಿದ 56 ನಮ್ಮ ಇಸ್ಪೀಟಿನ ಹಾಗೆ ನಾಲ್ಕು ಬಣ್ಣ: ಕೋಲು, ಬಟ್ಟಲು, ಕತ್ತಿ, ನಾಣ್ಯ. ಇಟಾಲಿಯನ್ನಿನಲ್ಲಿ ಕತ್ತಿಗಳಿಗೆ ‘ಸ್ಪಾದೆ’ ಎನ್ನುತ್ತಾರೆ. ಇಂಗ್ಲಿಷಿನ ಸ್ಪೇಡ್ ಬಂದದ್ದು ಅಲ್ಲಿಂದ.

ಎಲೆಗಳಿಗೆ ಶಾಸ್ತ್ರದ ಬಣ್ಣ ಬಂದದ್ದು ಮುನ್ನೂರು ವರ್ಷಗಳ ಮೇಲೆ. 1781ರಲ್ಲಿ ಫ್ರಾನ್ಸಿನ ಆಂತ್ವಾನ್ ಕೂರ್ ದ ಜೆಬೆಲಿನ್ ಎಂಬ ವಿದ್ವಾಂಸ ಇವು ಪುರಾತನ ಈಜಿಪ್ಟಿನ ಗುಪ್ತಜ್ಞಾನ ಎಂದು ಬರೆದುಬಿಟ್ಟ. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯಾನ್ ಓದಿದ್ದು 1822ರಲ್ಲಿ. ಹಾಗಾಗಿ ಆ ಮಾತಿಗೆ ಆಧಾರ ಎಂಬುದೇ ಇರಲಿಲ್ಲ. ಆದರೂ ಅದು ಹಬ್ಬಿತು. ಕೆಲವೇ ವರ್ಷಗಳಲ್ಲಿ ‘ಎತ್ತೆಯಾ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪ್ಯಾರಿಸ್‌ನ ಒಬ್ಬಾತ ಭವಿಷ್ಯ ಹೇಳಲೆಂದೇ ಎಲೆಕಟ್ಟು ಹೊರತಂದ.

ಇಂದು ಜಗತ್ತಿನಾದ್ಯಂತ ಹೆಚ್ಚು ಕಾಣುವ ಎಲೆಕಟ್ಟು ಲಂಡನ್ನಿನಲ್ಲಿ 1909ರಲ್ಲಿ ಬಂದದ್ದು. ಯೋಜನೆ ಆರ್ಥರ್ ಎಡ್ವರ್ಡ್ ವೇಟ್ ಅವರದು, ಪ್ರಕಾಶನ ರೈಡರ್ ಸಂಸ್ಥೆಯದು, ಚಿತ್ರ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆಯದು. ಬಹುಕಾಲ ‘ರೈಡರ್-ವೇಟ್’ ಎಂದೇ ಕರೆದು ಆಕೆಯನ್ನು ಮರೆತಿದ್ದರು. ಈಚೆಗೆ ಸ್ಮಿತ್ ಹೆಸರನ್ನೂ ಸೇರಿಸುತ್ತಾರೆ. ಆಕೆ ಮಾಡಿದ ಒಂದು ಬದಲಾವಣೆ ಆತ್ಮಾವಲೋಕನ ಮಾಡುವವರಿಗೆ ಮುಖ್ಯ. ಅದಕ್ಕೆ ಮುಂಚಿನ ಬಹುತೇಕ ಕಟ್ಟುಗಳಲ್ಲಿ ‘ಐದು ಬಟ್ಟಲು’ ಎಂದರೆ ಬರೀ ಐದು ಬಟ್ಟಲಿನ ಚಿತ್ರ. ಸ್ಮಿತ್ ಅಲ್ಲಿ ಮನುಷ್ಯರನ್ನು ತಂದು ನಿಲ್ಲಿಸಿದರು. ಕಪ್ಪು ನಿಲುವಂಗಿ ಹೊದ್ದ ಒಬ್ಬರು ತಲೆ ತಗ್ಗಿಸಿ ನಿಂತಿದ್ದಾರೆ. ಎದುರಿಗೆ ಮೂರು ಬಟ್ಟಲು ಉರುಳಿವೆ, ಬೆನ್ನ ಹಿಂದೆ ಎರಡು ನೆಟ್ಟಗೆ ನಿಂತಿವೆ. ದೂರದಲ್ಲಿ ಹೊಳೆ, ಸೇತುವೆ. ಚಿತ್ರ ಬಂದ ಕೂಡಲೇ ಕಥೆ ಬಂತು, ಕಥೆಯ ಜೊತೆಗೆ ನೋಡುವವರ ಸ್ವಂತ ಕಥೆಯೂ ಬಂತು.

ಆರಕಲ್ ಎಲೆಗಳಿಗೆ ಇಂಥ ಕಟ್ಟುಪಾಡಿಲ್ಲ. ಮೂವತ್ತೂ ಇರಬಹುದು, ಅರವತ್ತೂ ಇರಬಹುದು. ಹಕ್ಕಿ, ಹೂವು, ದೇವತೆ, ಒಂದು ಮಾತು, ಏನು ಬೇಕಾದರೂ ಆದೀತು. ಮಾಡಿದವರು ಇಟ್ಟದ್ದೇ ಲೆಕ್ಕ.

ಚಿತ್ರದೆಲೆ ಕನ್ನಡ ನಾಡಿಗೆ ಹೊಸದಲ್ಲ. ಅಬುಲ್ ಫಜಲ್ ‘ಐನ್-ಎ-ಅಕ್ಬರಿ’ಯಲ್ಲಿ ವಿವರಿಸಿದ ಗಂಜೀಫಾ ಕಟ್ಟಿನ ಬಣ್ಣಗಳಲ್ಲಿ ಅಶ್ವಪತಿ, ಗಜಪತಿ, ನರಪತಿ ಎಂಬ ಹೆಸರುಗಳಿವೆ, ನರಪತಿ ಎಂಬುದು ವಿಜಯನಗರದ ಅರಸರಿಗಿದ್ದ ಬಿರುದೂ ಹೌದು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹನ್ನೆರಡರಂತೆ 120 ದುಂಡನೆಯ ಎಲೆಗಳು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ‘ಶ್ರೀತತ್ತ್ವನಿಧಿ’ಯ ಕೌತುಕ ನಿಧಿ ಭಾಗದಲ್ಲಿ ‘ಚದ’ ಎಂಬ ಎಲೆಯಾಟಗಳನ್ನೇ ದಾಖಲಿಸಿದ್ದಾರೆ. ಅವುಗಳಲ್ಲಿ ಕೆಲವು ಕಟ್ಟುಗಳಿಗೆ ಮುನ್ನೂರಕ್ಕೂ ಹೆಚ್ಚು ಎಲೆ. ಮರೆಯಾಗುತ್ತಿದ್ದ ಆ ಕಲೆಗೆ ನಮ್ಮ ಕಾಲದಲ್ಲಿ ಜೀವ ತುಂಬಿದವರು ಗಂಜೀಫಾ ರಘುಪತಿ ಭಟ್. ಮೈಸೂರು ಗಂಜೀಫಾಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಸಿಕ್ಕಿದೆ.

ಇನ್ನು ಎಲೆ ಎತ್ತಿ ಅರ್ಥ ಹೇಳುವುದಕ್ಕೆ ಜಾತ್ರೆಯ ಗಿಣಿಶಾಸ್ತ್ರಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಗಿಳಿ ಪಂಜರದಿಂದ ಬಂದು ಒಂದು ಲಕೋಟೆ ಎಳೆಯುತ್ತದೆ, ಒಳಗೆ ದೇವರ ಚಿತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾಡಗಿಳಿ ಹಿಡಿದು ಸಾಕುವುದು ಅಪರಾಧ. ಎಲೆ ಎತ್ತಲು ಸ್ವಂತ ಕೈ ಸಾಕು.

ಕೂರುವ ಮುಂಚೆ

ಬೇಕಾದ ಸಾಮಾನು ಕಡಿಮೆ: ಎಲೆಕಟ್ಟು, ಒಂದು ನೋಟುಪುಸ್ತಕ, ಪೆನ್ನು, ಹದಿನೈದು ನಿಮಿಷ. ದೀಪ, ಊದುಬತ್ತಿ, ಹರಳು, ರೇಷ್ಮೆ ಬಟ್ಟೆ ಇವೆಲ್ಲ ಇಷ್ಟವಿದ್ದವರಿಗೆ. ಇಲ್ಲದಿದ್ದರೆ ಎಲೆಯ ಗುಣವೇನೂ ಕೆಡುವುದಿಲ್ಲ. ಮೊಬೈಲ್ ಮಾತ್ರ ಬೇರೆ ಕೋಣೆಯಲ್ಲಿರಲಿ. ಮೊಬೈಲಿನಲ್ಲೇ ಎಲೆ ಎತ್ತುವ ಆ್ಯಪ್‌ಗಳಿವೆ. ಆದರೆ ಅವು ಚಿತ್ರದ ಜೊತೆಗೇ ಅರ್ಥವನ್ನೂ ತೋರಿಸಿಬಿಡುತ್ತವೆ. ಅರ್ಥ ಮೊದಲೇ ಬಂದರೆ ಯೋಚಿಸುವ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಪ್ರಶ್ನೆಗೆ. ‘ಆಗುತ್ತಾ, ಇಲ್ವಾ’ ಎಂಬ ಪ್ರಶ್ನೆಗೆ ಎಲೆಯಲ್ಲಿ ಉತ್ತರವಿಲ್ಲ. ಅದನ್ನು ತನ್ನ ಕೈಯಲ್ಲಿರುವ ವಿಷಯದತ್ತ ತಿರುಗಿಸಿಕೊಳ್ಳಬೇಕು. ಕೆಲವು ಉದಾಹರಣೆ:

ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುವವರ ಪ್ರಶ್ನೆ ‘ಗಣಿ ಕೆಲಸ ಉಳಿಯುತ್ತಾ?’ ಎಂದಿದ್ದರೆ ಅದು ‘ಈ ಕೆಲಸ ನಿಂತರೆ ನನಗೆ ಎಲ್ಲಕ್ಕಿಂತ ಭಯ ಯಾವುದರ ಬಗ್ಗೆ?’ ಎಂದಾಗಲಿ.

ಹೊಸಪೇಟೆಯ ಪಿಯುಸಿ ವಿದ್ಯಾರ್ಥಿನಿ ‘ನೀಟ್‌ನಲ್ಲಿ ಸೀಟು ಸಿಗುತ್ತಾ?’ ಎಂದು ಕೇಳುವ ಬದಲು ‘ಡಾಕ್ಟರ್ ಆಗಬೇಕೆಂಬುದು ಯಾರ ಆಸೆ, ಅದರಲ್ಲಿ ನನ್ನ ಪಾಲೆಷ್ಟು?’ ಎಂದು ಕೇಳಲಿ.

ಕಂಪ್ಲಿಯ ಭತ್ತದ ಗದ್ದೆಯವರು ‘ಎರಡನೇ ಬೆಳೆಗೆ ನೀರು ಬಿಡುತ್ತಾರಾ?’ ಎಂಬುದನ್ನು ನೀರಾವರಿ ಇಲಾಖೆಯನ್ನೇ ಕೇಳಬೇಕು. ಎಲೆಯ ಮುಂದೆ ಇಡಬಹುದಾದ ಪ್ರಶ್ನೆ ಬೇರೆ: ‘ನೀರು ಬಾರದಿದ್ದರೆ ಏನು ಮಾಡೋಣ ಎಂದು ಮನೆಯವರ ಜೊತೆ ಮಾತಾಡುವುದನ್ನು ಯಾಕೆ ಮುಂದೂಡುತ್ತಿದ್ದೇನೆ?’

‘ಅವರ ಮನಸ್ಸಿನಲ್ಲಿ ನನ್ನ ಬಗ್ಗೆ ಏನಿದೆ?’ ಎಂಬುದು ಯಾವ ಕಟ್ಟಿಗೂ ಕೇಳಬಾರದ ಪ್ರಶ್ನೆ. ಅದನ್ನು ಅವರನ್ನೇ ಕೇಳಬೇಕು.

ಮೂವತ್ತು ಸೆಕೆಂಡ್ ನೋಟ, ನಾಲ್ಕು ನಿಮಿಷ ಬರಹ

ಸೇನಾ ಅಧಿಕಾರಿ ಹುದ್ದೆಗೆ ಎಸ್‌ಎಸ್‌ಬಿ ಸಂದರ್ಶನಕ್ಕೆ ಹೋದವರಿಗೆ ಒಂದು ಪರೀಕ್ಷೆ ನೆನಪಿರುತ್ತದೆ. ಮಸುಕಾದ ಚಿತ್ರವೊಂದನ್ನು ಮೂವತ್ತು ಸೆಕೆಂಡ್ ತೋರಿಸುತ್ತಾರೆ, ನಾಲ್ಕು ನಿಮಿಷದಲ್ಲಿ ಕಥೆ ಬರೆಯಬೇಕು. ಹೀಗೆ ಹನ್ನೊಂದು ಚಿತ್ರ, ಹನ್ನೆರಡನೆಯದು ಬರೀ ಬಿಳಿ. ಇದರ ಮೂಲ 1930ರ ದಶಕದಲ್ಲಿ ಹಾರ್ವರ್ಡ್‌ನ ಹೆನ್ರಿ ಮರ್ರೆ ಮತ್ತು ಕ್ರಿಸ್ಟಿಯಾನಾ ಮಾರ್ಗನ್ ರೂಪಿಸಿದ ಟಿಎಟಿ ಪರೀಕ್ಷೆ. ಅಸ್ಪಷ್ಟ ಚಿತ್ರ ಕಂಡಾಗ ಜನ ತಮ್ಮೊಳಗಿನದನ್ನೇ ಅದರ ಮೇಲೆ ಹೊದಿಸುತ್ತಾರೆ ಎಂಬುದು ಅದರ ತಳಹದಿ. ಆ ಪರೀಕ್ಷೆಯನ್ನು ಅಳೆಯುವುದು ತರಬೇತಾದ ಮನಶ್ಶಾಸ್ತ್ರಜ್ಞರ ಕೆಲಸ. ಟ್ಯಾರೋ ಎಲೆ ಅಂಥ ಪರೀಕ್ಷೆಯಲ್ಲ. ಆದರೆ ನೋಡುವ ಮತ್ತು ಬರೆಯುವ ಆ ಕ್ರಮವನ್ನು ಮನೆಯಲ್ಲಿ ಎರವಲು ಪಡೆಯಬಹುದು.

ಎಲೆ ಕಲಸಿ, ಪ್ರಶ್ನೆಯನ್ನು ನೋಟುಪುಸ್ತಕದಲ್ಲಿ ಬರೆದು, ಒಂದೇ ಎಲೆ ಎತ್ತಬೇಕು. ಜೊತೆಗೆ ಬಂದ ಕಿರುಪುಸ್ತಕವನ್ನು ತೆರೆಯಬಾರದು. ಮೂವತ್ತು ಸೆಕೆಂಡ್ ಬರೀ ನೋಟ. ಆಮೇಲೆ ಎಲೆಯನ್ನು ಮಗುಚಿಟ್ಟು ನಾಲ್ಕು ನಿಮಿಷ ಪೆನ್ನು ಎತ್ತದೆ ಬರೆಯಬೇಕು. ಬರೆಯಲು ದಾರಿ ತೋಚದಿದ್ದರೆ ಈ ಐದು ಪ್ರಶ್ನೆ ಸಾಕು:

1. ಕಣ್ಣು ಮೊದಲು ಹೋದದ್ದು ಎಲ್ಲಿಗೆ?
2. ಚಿತ್ರದಲ್ಲಿ ನಾನು ಯಾರು? ಮನುಷ್ಯನೇ ಆಗಬೇಕಿಲ್ಲ, ಸೇತುವೆ, ನಾಯಿ, ಮೋಡವೂ ಆದೀತು.
3. ಈ ಗಳಿಗೆಗೆ ಸ್ವಲ್ಪ ಮುಂಚೆ ಏನು ನಡೆದಿತ್ತು?
4. ಚೌಕಟ್ಟಿನ ಹೊರಗೆ ಯಾರು ನಿಂತಿದ್ದಾರೆ?
5. ಇದನ್ನು ನೋಡಿದಾಗ ಮೈಯಲ್ಲಿ ಏನಾಯಿತು? ಎದೆ ಬಿಗಿಯಿತೋ, ನಗು ಬಂತೋ, ಬೇಜಾರಾಯಿತೋ?

ಅದೇ ‘ಐದು ಬಟ್ಟಲು’ ಎಲೆ ಮೂವರ ಕೈಗೆ ಬಂತು ಎಂದಿಟ್ಟುಕೊಳ್ಳೋಣ. ಒಬ್ಬರು ಉರುಳಿದ ಮೂರು ಬಟ್ಟಲಿನ ಬಗ್ಗೆಯೇ ಇಡೀ ಪುಟ ಬರೆಯುತ್ತಾರೆ. ಎರಡನೆಯವರು ‘ಈಕೆ ಹಿಂದಕ್ಕೆ ತಿರುಗಿ ಯಾಕೆ ನೋಡುತ್ತಿಲ್ಲ?’ ಎಂದು ಸಿಟ್ಟಾಗುತ್ತಾರೆ. ಮೂರನೆಯವರಿಗೆ ಬಟ್ಟಲೇ ಕಾಣುವುದಿಲ್ಲ. ಸೇತುವೆಯ ಆಚೆಯ ಮನೆಯಲ್ಲಿ ಯಾರಿದ್ದಾರೆ ಎಂಬುದೇ ಚಿಂತೆ. ಕಿರುಪುಸ್ತಕದಲ್ಲಿ ಈ ಎಲೆಯ ಅರ್ಥ ‘ನಷ್ಟ, ದುಃಖ’ ಎಂದಷ್ಟೇ ಇರುತ್ತದೆ. ಮೂವರಿಗೂ ಅದು ಅರ್ಧವೇ ಹೊಂದೀತು.

ಬರೆದದ್ದನ್ನು ಓದಿ, ಅದರಲ್ಲಿ ಎದ್ದು ಕಾಣುವ ಒಂದು ಪದಕ್ಕೆ ಅಡಿಗೆರೆ ಹಾಕಿ, ‘ಈ ವಾರ ಇದರ ಬಗ್ಗೆ ಒಂದು ಚಿಕ್ಕ ಕೆಲಸ ಏನು ಮಾಡಬಹುದು?’ ಎಂದು ಒಂದು ಸಾಲು ಸೇರಿಸಿದರೆ ಆ ದಿನದ ಪಾಠ ಮುಗಿಯಿತು. ಕಿರುಪುಸ್ತಕ ಈಗ ತೆರೆಯಬಹುದು.

ಮೂರು ಎಲೆಯ ಕ್ರಮ

ಒಂದು ಎಲೆ ರೂಢಿಯಾದ ಮೇಲೆ ಮೂರಕ್ಕೆ ಹೋಗಬಹುದು. ಸಾಮಾನ್ಯವಾಗಿ ಹೇಳಿಕೊಡುವುದು ‘ಹಿಂದೆ, ಈಗ, ಮುಂದೆ’ ಎಂಬ ಸಾಲು. ‘ಮುಂದೆ’ ಎಂಬ ಜಾಗ ಬಂದ ಕೂಡಲೇ ಮನಸ್ಸು ಭವಿಷ್ಯದ ಕಡೆಗೆ ಜಾರುವುದರಿಂದ ಬೇರೆ ಸಾಲು ಒಳ್ಳೆಯದು: ‘ನನಗೆ ಕಾಣುತ್ತಿರುವುದು, ನಾನು ನೋಡದೆ ಬಿಟ್ಟದ್ದು, ನನ್ನ ಕೈಯಲ್ಲಿರುವುದು’. ಮನೆಯಲ್ಲಿ ಜಗಳವಾದಾಗ ‘ನನ್ನ ಮಾತು, ಅವರ ಮಾತು, ಇಬ್ಬರೂ ಆಡದ ಮಾತು’ ಎಂಬ ಸಾಲೂ ಕೆಲಸ ಮಾಡುತ್ತದೆ. ಹತ್ತು ಎಲೆಯ ದೊಡ್ಡ ವಿನ್ಯಾಸಗಳ ಅಗತ್ಯ ಆರಂಭದಲ್ಲಿಲ್ಲ. ಎಲೆ ಹೆಚ್ಚಿದಷ್ಟೂ ಬೇಕಾದ ಅರ್ಥ ಆರಿಸಿಕೊಳ್ಳುವ ಸೌಕರ್ಯವೂ ಹೆಚ್ಚುತ್ತದೆ.

ಎಲೆ ತಲೆಕೆಳಗಾಗಿ ಬಂದರೆ ಕೆಟ್ಟದ್ದು ಎಂಬ ಭಯ ಹಲವರಿಗೆ. ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲೆ ಕೋಣೆಗೆ ಹೋದವರು ಗೋಡೆಯ ಮೇಲೆ ರಾಜಗೋಪುರದ ನೆರಳು ತಲೆಕೆಳಗಾಗಿ ಬಿದ್ದಿರುವುದನ್ನು ಕಂಡಿರುತ್ತಾರೆ. ಒಂದು ಚಿಕ್ಕ ಕಿಂಡಿಯಿಂದ ಬೆಳಕು ನೇರ ಗೆರೆಯಲ್ಲಿ ಹಾಯುವುದರಿಂದ ಮೇಲಿನದು ಕೆಳಕ್ಕೆ, ಕೆಳಗಿನದು ಮೇಲಕ್ಕೆ ಬೀಳುತ್ತದೆ. ಹೊರಗಿನ ಗೋಪುರಕ್ಕೆ ಅದರಿಂದ ಏನೂ ಆಗಿಲ್ಲ. ತಲೆಕೆಳಗಾದ ಎಲೆಯನ್ನು ನೆಟ್ಟಗೆ ಮಾಡಿ ನೋಡಬಹುದು, ಇಲ್ಲವೇ ‘ಇದನ್ನು ಉಲ್ಟಾ ಯೋಚಿಸಿದರೆ?’ ಎಂದು ಕೇಳಿಕೊಳ್ಳಬಹುದು.

ಹಾಗೆಯೇ ಹೆದರಿಸುವ ಎಲೆಗಳು: ಮರಣ, ಗೋಪುರ, ಸೈತಾನ. ಸ್ಮಿತ್ ಬರೆದ ಮರಣದ ಎಲೆಯಲ್ಲಿ ಬಿಳಿ ಕುದುರೆಯ ಮೇಲೆ ಅಸ್ಥಿಪಂಜರ ಇದೆ ನಿಜ. ಹಿಂದೆ ಎರಡು ಗೋಪುರಗಳ ನಡುವೆ ಸೂರ್ಯನೂ ಇದ್ದಾನೆ. ಅದು ಯಾರ ಸಾವನ್ನೂ ಸೂಚಿಸುವುದಿಲ್ಲ. ಮನೆಯಲ್ಲಿ ಕಾಯಿಲೆಯವರಿದ್ದು ಆ ಚಿತ್ರ ಕಂಡರೆ ಕೈ ನಡುಗುವ ಹಾಗಿದ್ದರೆ, ಆ ಮೂರು ಎಲೆಗಳನ್ನು ಕಟ್ಟಿನಿಂದ ತೆಗೆದಿಟ್ಟರೆ ತಪ್ಪೇನಿಲ್ಲ.

ಲಗ್ನಪತ್ರಿಕೆಯ ರಟ್ಟಿನಲ್ಲಿ ಹಂಪಿ

ಯುರೋಪಿನ ರಾಜ, ಕುದುರೆ ಸವಾರ, ಕೋಟೆಯ ಚಿತ್ರಗಳು ಮನಸ್ಸಿಗೆ ಹತ್ತದವರಿಗೆ ಒಂದು ದಾರಿ: ಸ್ವಂತ ಆರಕಲ್ ಕಟ್ಟು. ಮನೆಯಲ್ಲಿ ರಾಶಿ ಬಿದ್ದ ಲಗ್ನಪತ್ರಿಕೆಗಳ ರಟ್ಟನ್ನು ಒಂದೇ ಅಳತೆಗೆ ಕತ್ತರಿಸಬೇಕು. ಮೇಲೆ ಫೋಟೊ, ಪೋಸ್ಟ್‌ಕಾರ್ಡ್ ಅಥವಾ ಕೈಯಾರೆ ಬಿಡಿಸಿದ ಚಿತ್ರ ಅಂಟಿಸಬೇಕು. ಹಿಂಬದಿ ಎಲ್ಲಕ್ಕೂ ಒಂದೇ ಬಣ್ಣದ ಕಾಗದ. ಹನ್ನೆರಡು ಎಲೆ ಸಾಕು. ಒಂದೊಂದಕ್ಕೂ ಅರ್ಥ ಬರೆಯುವ ಬದಲು ಒಂದೊಂದು ಪ್ರಶ್ನೆ ಬರೆದಿಟ್ಟರೆ ಹೆಚ್ಚು ಉಪಯೋಗ. ಈ ಸೀಮೆಯಲ್ಲಿ ಚಿತ್ರಕ್ಕೆ ಬರವಿಲ್ಲ.

ಕಲ್ಲಿನ ರಥ: ಐವತ್ತು ರೂಪಾಯಿ ನೋಟಿನ ಹಿಂದೆ ಇರುವ ಈ ರಥದ ಮುಂದೆ ಈಗ ಆನೆಗಳಿವೆ. ಹತ್ತಿರ ಹೋಗಿ ನೋಡಿದರೆ ಮೊದಲಿದ್ದ ಕುದುರೆಗಳ ಹಿಂಗಾಲಿನ ಗುರುತು ಸಿಗುತ್ತದೆ. ಪ್ರಶ್ನೆ: ನನ್ನ ಬಂಡಿಗೆ ಕಟ್ಟಿಕೊಂಡದ್ದು ನಾನು ಆರಿಸಿದ್ದನ್ನೋ, ಸಿಕ್ಕಿದ್ದನ್ನೋ?

ರಾಜ ತುಲಾಭಾರ: ವಿಠ್ಠಲ ದೇವಾಲಯದ ಸಮೀಪ ಎರಡು ಕಂಬ, ಮೇಲೊಂದು ಅಡ್ಡತೊಲೆ, ತಕ್ಕಡಿ ತೂಗಿಹಾಕಲು ಕಲ್ಲಿನ ಕೊಂಡಿ. ಟ್ಯಾರೋದ ‘ನ್ಯಾಯ’ದ ಎಲೆಯಲ್ಲೂ ತಕ್ಕಡಿಯೇ ಇದೆ. ಪ್ರಶ್ನೆ: ಒಂದು ತಟ್ಟೆಯಲ್ಲಿ ನಾನಿದ್ದರೆ ಇನ್ನೊಂದರಲ್ಲಿ ಏನಿಡುತ್ತೇನೆ?

ಉಗ್ರನರಸಿಂಹ: ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಒಂದೇ ಬಂಡೆಯಲ್ಲಿ ಕಡೆದ 6.7 ಮೀಟರ್ ಎತ್ತರದ ಮೂರ್ತಿ. ತೊಡೆಯ ಮೇಲಿದ್ದ ಲಕ್ಷ್ಮಿ ಈಗಿಲ್ಲ. ಆಕೆಯ ಕೈ ಮಾತ್ರ ಸ್ವಾಮಿಯ ಬೆನ್ನ ಮೇಲೆ ಉಳಿದಿದೆ. ಪ್ರಶ್ನೆ: ನನ್ನ ಸಿಟ್ಟಿನ ಬೆನ್ನ ಮೇಲೆ ಇನ್ನೂ ಯಾರ ಕೈ ಇದೆ?

ಸಾಸಿವೆಕಾಳು ಗಣಪ: ಎದುರಿನಿಂದ ನೋಡಿದರೆ ಗಣಪ. ಹಿಂದಿನಿಂದ ನೋಡಿದರೆ ಜಡೆ ಇಳಿಬಿಟ್ಟ ಹೆಂಗಸಿನ ಬೆನ್ನು; ಮಗ ತಾಯಿಯ ಮಡಿಲಲ್ಲಿ ಕೂತಿದ್ದಾನೆ. ಪ್ರಶ್ನೆ: ಜನರಿಗೆ ಕಾಣದೆ ನನ್ನನ್ನು ಹಿಡಿದು ಕೂತವರು ಯಾರು?

ಹತ್ತೊಂಬತ್ತನೇ ಗೇಟು: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನ್ ಕಡಿದು ಗೇಟು ಕೊಚ್ಚಿಹೋಯಿತು. ಅಣೆಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನು ತೆರೆದು ನೀರು ಹೊಳೆಗೆ ಬಿಡಬೇಕಾಯಿತು. ಒಂದು ವಾರದಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದರು. ಪ್ರಶ್ನೆ: ಒಂದನ್ನು ಉಳಿಸಿಕೊಳ್ಳಲು ಈಗ ಏನನ್ನು ಹರಿಯಬಿಡಬೇಕು?

ಕಂಪಿಲರಾಯ: ದಿಲ್ಲಿಯ ತುಘಲಕ್‌ನ ವಿರುದ್ಧ ಬಂಡೆದ್ದ ಬಹಾವುದ್ದೀನ್‌ಗೆ ಕಂಪ್ಲಿಯ ಅರಸ ಆಶ್ರಯ ಕೊಟ್ಟ, ಕೊಟ್ಟ ಮಾತಿಗೆ ರಾಜ್ಯವನ್ನೇ ಕಳೆದುಕೊಂಡ. 1327ರ ಸುಮಾರಿನ ಮಾತು. ಪ್ರಶ್ನೆ: ಯಾವ ಮಾತಿಗೆ ಎಷ್ಟು ಬೆಲೆ ತೆರಲು ತಯಾರಿದ್ದೇನೆ?

ಕನ್ನಡಿ ಕಸೂತಿ: ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳು ಕವಡೆ, ಕನ್ನಡಿಚೂರು ಸೇರಿಸಿ ಹೊಲಿಯುವ ಬಟ್ಟೆಗೂ ಜಿಐ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಪ್ರಶ್ನೆ: ಚೂರಾದದ್ದನ್ನು ಎಲ್ಲಿ ಹೊಲಿದರೆ ಹೊಳೆಯುತ್ತದೆ?

ಉಳಿದ ಐದಕ್ಕೆ ಹೊಳೆ ತುಂಬಿದಾಗ ಮುಳುಗುವ ಪುರಂದರ ಮಂಟಪ, ಕಂಪ್ಲಿ–ಗಂಗಾವತಿ ಸೇತುವೆ, ಸದಾ ನೀರಿನಲ್ಲಿ ನಿಂತ ಬಡವಿಲಿಂಗ, ಒಂದೇ ಕಡೆ ಹುಟ್ಟು ಹಾಕಿದರೆ ಗಿರಗಿರ ಸುತ್ತುವ ಹರಿಗೋಲು, ಮಾತಂಗ ಬೆಟ್ಟದ ಸೂರ್ಯೋದಯ ಇವೆ. ಇವಕ್ಕೆ ಪ್ರಶ್ನೆ ಬರೆಯುವುದು ಎಲೆ ಮಾಡಿದವರ ಕೆಲಸ. ಮಕ್ಕಳಿರುವ ಮನೆಯಲ್ಲಿ ಭಾನುವಾರದ ಒಂದು ಮಧ್ಯಾಹ್ನಕ್ಕೆ ಇದು ಒಳ್ಳೆಯ ಕೆಲಸವೂ ಹೌದು. ಮಕ್ಕಳು ಬರೆಯುವ ಪ್ರಶ್ನೆಗಳು ದೊಡ್ಡವರನ್ನು ಆಗಾಗ ಪೇಚಿಗೆ ಸಿಲುಕಿಸುತ್ತವೆ.

‘ನನ್ನ ಬಗ್ಗೆಯೇ ಹೇಳಿದ ಹಾಗಿದೆ!’

ಎಲೆ ನೋಡುವವರೆಲ್ಲ ಒಂದಲ್ಲ ಒಂದು ದಿನ ಹೀಗೆ ಉದ್ಗರಿಸುತ್ತಾರೆ. ಆ ದಿನಕ್ಕೆ 1948ರ ಒಂದು ಪ್ರಯೋಗ ನೆನಪಿರಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ‘ಇದು ನಿಮ್ಮೊಬ್ಬರದೇ ವ್ಯಕ್ತಿತ್ವದ ವಿವರ’ ಎಂದು ಪ್ರತಿಯೊಬ್ಬರಿಗೂ ಒಂದು ಹಾಳೆ ಹಂಚಿದರು. ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಕೊಡಲು ಹೇಳಿದರೆ ಸರಾಸರಿ 4.26 ಬಂತು. ಆಮೇಲೆ ಗುಟ್ಟು ಬಿಟ್ಟುಕೊಟ್ಟರು: ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಅದರ ಸಾಲುಗಳನ್ನು ಆರಿಸಿದ್ದು ಜ್ಯೋತಿಷ್ಯದ ಪುಸ್ತಕದಿಂದ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಬ್ಬರು ಎಲೆ ಎತ್ತಿ, ತಾವು ನೋಡದೆ ಇನ್ನೊಬ್ಬರಿಗೆ ಕೊಡಲಿ. ಅವರು ಕಿರುಪುಸ್ತಕದಿಂದ ಮೂರು ಎಲೆಗಳ ಅರ್ಥ ಓದಲಿ, ಒಂದು ಸರಿಯಾದದ್ದು, ಎರಡು ಬೇರೆಯವು. ‘ನನ್ನ ಪರಿಸ್ಥಿತಿಗೆ ಹೊಂದುವುದು ಯಾವುದು?’ ಎಂದು ಎಲೆ ಎತ್ತಿದವರು ಆರಿಸಲು ಹೋದರೆ ಮೂರೂ ಹೊಂದುತ್ತಿರುವುದು ಕಂಡು ನಗು ಬರಬಹುದು. ಕಿರುಪುಸ್ತಕದ ಮಾತು ಎಲ್ಲರಿಗೂ ಸಲ್ಲುವ ಅಂಗಿ. ನೋಟುಪುಸ್ತಕದಲ್ಲಿ ಸ್ವಂತ ಕೈಯಲ್ಲಿ ಬಂದ ಸಾಲು ಮಾತ್ರ ಅವರವರ ಅಳತೆಯದು.

ಎಲ್ಲಿ ನಿಲ್ಲಿಸಬೇಕು

ದೇವರ ಮೇಲಿನ ಹೂವು ಬಲಕ್ಕೆ ಬೀಳುವವರೆಗೂ ಮತ್ತೆ ಮತ್ತೆ ಕೇಳುವವರನ್ನು ಪೂಜಾರಿಗಳು ಗದರುವುದುಂಟು. ಎಲೆಗೂ ಅದೇ ನಿಯಮ: ಒಂದು ಪ್ರಶ್ನೆಗೆ ಒಂದು ಎಲೆ, ಅದೇ ಪ್ರಶ್ನೆಗೆ ಇನ್ನೊಂದು ಎಲೆ ಕನಿಷ್ಠ ಒಂದು ವಾರದ ಮೇಲೆ. ದಿನಕ್ಕೆ ಹತ್ತು ಸಲ ಎಲೆ ಎತ್ತುವ ಹಂಬಲ ಬಂದರೆ ಕಟ್ಟನ್ನು ಒಂದು ತಿಂಗಳು ಟ್ರಂಕಿಗೆ ಹಾಕುವುದು ಲೇಸು.

ಕಾಯಿಲೆ, ಔಷಧಿ, ಸಾಲ, ಜಮೀನು ಖರೀದಿ, ಕೋರ್ಟು ವ್ಯವಹಾರ, ಕಳೆದುಹೋದ ವಸ್ತು, ಹುಡುಗ–ಹುಡುಗಿಯ ಸಂಬಂಧ ಒಪ್ಪುವುದು ಇವು ಎಲೆಯ ಕೆಲಸವಲ್ಲ. ಇಂಥ ನಿರ್ಧಾರದ ಬಗ್ಗೆ ಮನಸ್ಸಿನ ಗೊಂದಲ ಏನು ಎಂದು ಬರೆಯಬಹುದು. ನಿರ್ಧಾರಕ್ಕೆ ವೈದ್ಯರು, ಬ್ಯಾಂಕು, ವಕೀಲರು, ಮನೆಮಂದಿ ಇದ್ದಾರೆ.

ಹಣ ಕೊಟ್ಟು ಓದಿಸಿಕೊಳ್ಳುವವರು ಮೂರು ಮಾತು ಕೇಳಿಬಂದರೆ ಎದ್ದು ಬರಬೇಕು: ‘ನಿಮ್ಮ ಮೇಲೆ ಯಾರೋ ಮಾಡಿಸಿದ್ದಾರೆ’, ‘ಇದಕ್ಕೆ ಪರಿಹಾರ ಮಾಡಿಸಲು ಇಷ್ಟು ಖರ್ಚಾಗುತ್ತದೆ’, ‘ಇದನ್ನು ಮನೆಯಲ್ಲಿ ಯಾರಿಗೂ ಹೇಳಬೇಡಿ’. ಆನ್‌ಲೈನಿನಲ್ಲಿ ಹಣ ಹೋದರೆ ಸೈಬರ್ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಬೇಕು. ಮಾಟ ತೆಗೆಯುವ, ದೆವ್ವ ಬಿಡಿಸುವ ನೆಪದಲ್ಲಿ ಹಿಂಸೆ ಕೊಡುವುದನ್ನು ತಡೆಯಲು ಕರ್ನಾಟಕದಲ್ಲಿ 2017ರ ವಾಮಾಚಾರ ಪ್ರತಿಬಂಧಕ ಕಾಯ್ದೆ ಇದೆ. 2020ರ ಜನವರಿಯಿಂದ ಅದು ಜಾರಿಯಲ್ಲಿದೆ.

ಇನ್ನೊಂದು ಗಡಿ ಹೆಚ್ಚು ಮುಖ್ಯ. ಯಾವ ಎಲೆ ಬಂದರೂ ಬರೆಯುವುದೆಲ್ಲ ಕತ್ತಲೆಯೇ ಆಗಿದ್ದರೆ, ನಿದ್ದೆ ಊಟ ಬಿಟ್ಟಿದ್ದರೆ, ಬದುಕು ಬೇಡ ಎಂಬ ಮಾತು ಪುಟದ ಮೇಲೆ ಕಂಡರೆ, ನೋಟುಪುಸ್ತಕ ಮುಚ್ಚಿ 14416ಕ್ಕೆ ಕರೆ ಮಾಡಬೇಕು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಟೆಲಿ ಮಾನಸ್ ಸೇವೆಗೆ ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.

ಒಂದು ತಿಂಗಳ ಲೆಕ್ಕ

ಹೊಸಬರು ಮೊದಲ ತಿಂಗಳು ವಾರಕ್ಕೊಂದು ಎಲೆಯಂತೆ ನಾಲ್ಕೇ ಎಲೆ ಎತ್ತಿದರೆ ಸಾಕು. ಪ್ರತಿ ಪುಟದ ಮೇಲೆ ದಿನಾಂಕ, ಪ್ರಶ್ನೆ, ಎಲೆಯ ಹೆಸರು, ಅಡಿಗೆರೆ ಹಾಕಿದ ಪದ, ಮಾಡಬೇಕೆಂದುಕೊಂಡ ಚಿಕ್ಕ ಕೆಲಸ ಇರಲಿ. ಪುಟದ ಕೆಳಗಿನ ಕಾಲು ಭಾಗ ಖಾಲಿ ಬಿಡಬೇಕು. ತಿಂಗಳ ಕೊನೆಗೆ ಬೇರೆ ಬಣ್ಣದ ಪೆನ್ನಿನಲ್ಲಿ ಆ ಕೆಲಸ ಆಯಿತೋ ಇಲ್ಲವೋ ಎಂದು ಬರೆಯಲು ಆ ಜಾಗ. ಎಲೆ ‘ನಿಜವಾಯಿತೇ’ ಎಂಬ ಲೆಕ್ಕ ಬೇಡ. ನಾಲ್ಕೂ ವಾರ ಒಂದೇ ಪದಕ್ಕೆ ಅಡಿಗೆರೆ ಬಿದ್ದಿದೆಯೇ, ಒಂದೇ ಕೆಲಸ ಮುಂದಕ್ಕೆ ಹೋಗುತ್ತಿದೆಯೇ ಎಂದು ನೋಡಬೇಕು.

ಮೈಲಾರದಿಂದ ಮರಳಿದವರ ಊರುಗಳಲ್ಲಿ ಮಳೆ ಬಂದ ದಿನವೋ ಬಾರದ ದಿನವೋ ಯಾರಾದರೂ ‘ಈ ಸಲದ ಕಾರಣಿಕ ಏನಾಗಿತ್ತು?’ ಎಂದು ಕೇಳುವುದುಂಟು. ಆಗ ಒಬ್ಬರು ಸಾಲನ್ನು ನೆನಪಿಸಿಕೊಳ್ಳುತ್ತಾರೆ, ಇನ್ನೊಬ್ಬರು ತಾವು ಅವತ್ತು ಹೇಳಿದ ಅರ್ಥವನ್ನು ಸ್ವಲ್ಪ ತಿದ್ದಿ ಹೇಳುತ್ತಾರೆ. ನೋಟುಪುಸ್ತಕ ಇಟ್ಟವರಿಗೆ ಹಾಗೆ ತಿದ್ದಲು ಬರುವುದಿಲ್ಲ. ಮೊದಲ ಎಲೆಯ ದಿನ ಪ್ರಶ್ನೆ ಏನಿತ್ತು, ಆಗ ಕಂಡದ್ದೇನು, ಮಾಡುತ್ತೇನೆ ಎಂದದ್ದೇನು ಎಲ್ಲವೂ ನೀಲಿ ಶಾಯಿಯಲ್ಲಿ, ದಿನಾಂಕದ ಸಮೇತ, ಅಲ್ಲೇ ಇರುತ್ತದೆ.